ಅಲ್ಲಿ ಹಿಮ ಒಡೆದಾಗ ಇಲ್ಲಿ ಕೆರೆ ಬರಿದು

ಎಳ್ಳ ಅಮಾವಾಸ್ಯೆಯ ದಿನ ಕಲಬುರಗಿ ಸೀಮೆಯ ಸೇಡಂ, ಚಿಂಚೋಳಿ ಕಡೆಯ ಹಳ್ಳಿಗಳಲ್ಲಿ ಅರ್ಧಕ್ಕರ್ಧ ಮನೆಗಳಿಗೆ ಬೀಗ. ಜನವೆಲ್ಲ ಹೊಲದಲ್ಲಿ. ಬಜ್ಜಿ, ಸಜ್ಜೆ ಕಡುಬು, ಜೋಳದ ರೊಟ್ಟಿಯ ಬುತ್ತಿ ಹೊತ್ತು ಹೋಗಿ, ಬೆಳೆದು ನಿಂತ ಬಿಳಿಜೋಳದ ಮೇಲೆ ಚರಗ ಚೆಲ್ಲಿ, ಗಿಡದ ನೆರಳಿನಲ್ಲಿ ಸಾಲಾಗಿ ಕೂತು ಉಣ್ಣುವ ಹಬ್ಬ ಅದು. ಉಂಡಾದ ಮೇಲೆ ಹತ್ತಿರದ ಕೆರೆಯ ಕಡೆ ನಾಲ್ಕು ಹೆಜ್ಜೆ ಹಾಕಿದರೆ ಅಲ್ಲೂ ಒಂದು ಪಂಕ್ತಿ ನಡೆದಿರುತ್ತದೆ. ನೀರಿನ ಮೇಲೆ ಹತ್ತಾರು ಬಾಲಗಳು ಮಾತ್ರ ಕಾಣುತ್ತವೆ. ತಲೆ, ಕತ್ತು, ಎದೆ ಎಲ್ಲ ಕೆಳಗೆ. ಒಂದು ಗಳಿಗೆ ಬಿಟ್ಟು ಬಾಲ ಕೆಳಗಿಳಿದು ತಲೆ ಮೇಲೆ ಬರುತ್ತದೆ, ಕೊಕ್ಕಿನಿಂದ ಕೆಸರುನೀರು ಸೋರುತ್ತದೆ, ಮತ್ತೆ ಬಾಲ ಮೇಲೆ.

ದುರ್ಬೀನು ಹಿಡಿದು ಕೆರೆ ದಂಡೆಯಲ್ಲಿ ಕೂತವರಿಗೆ ಕುರಿ ಕಾಯುವವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ. “ಏನ್ ನೋಡ್ಲತ್ತೀರಿ ಸರ?” ಬಾತು ನೋಡುತ್ತಿದ್ದೇವೆ ಎಂದರೆ ನಗು ಬರುತ್ತದೆ. “ಅವ್ಯಾಕ್ ನೋಡ್ತೀರಿ? ವರ್ಸಾ ಬರ್ತಾವ, ಹೋಗ್ತಾವ.” ಆ ಮಾತಿನಲ್ಲಿ ತಪ್ಪೇನಿಲ್ಲ. ಆದರೆ ಎಲ್ಲಿಂದ ಬರುತ್ತವೆ, ಯಾಕೆ ಇದೇ ಹೊತ್ತಿಗೆ ಹೋಗುತ್ತವೆ ಎಂದು ಕೇಳುತ್ತ ಹೋದರೆ ಕಾಗಿಣಾ ನದಿ ದಂಡೆಯ ಈ ಎರೆಭೂಮಿ ಮಂಗೋಲಿಯಾದ ಹಿಮಕ್ಕೆ ಗಂಟುಬಿದ್ದಿರುವುದು ಗೊತ್ತಾಗುತ್ತದೆ.

ಬಾತುಗಳ ತವರು ಉತ್ತರದಲ್ಲಿ. ಟಿಬೆಟ್, ಮಂಗೋಲಿಯಾ, ಕಜಾಕಿಸ್ತಾನ, ಸೈಬೀರಿಯಾದ ಕೆರೆಗಳು ಚಳಿಗಾಲದಲ್ಲಿ ತಿಂಗಳುಗಟ್ಟಲೆ ಹೆಪ್ಪುಗಟ್ಟಿ ಮಲಗುತ್ತವೆ. ಮೇಲೆ ಲಾರಿ ಓಡಿಸಬಹುದಾದಷ್ಟು ಗಟ್ಟಿ. ಅಂಥ ಕೆರೆಯಲ್ಲಿ ಬಾತಿಗೆ ಕೂರಲು ನೀರಿಲ್ಲ, ತಿನ್ನಲು ಬೇರಿಲ್ಲ, ಹುಳವಿಲ್ಲ. ಚಳಿಗೆ ಹೆದರಿ ಬರುತ್ತವೆ ಎಂದು ಹೇಳುವುದುಂಟು. ಪುಕ್ಕದ ಅಂಗಿ ತೊಟ್ಟ ಬಾತಿಗೆ ಚಳಿ ದೊಡ್ಡ ವಿಷಯವಲ್ಲ, ಊಟದ ಬಾಗಿಲು ಮುಚ್ಚುವುದೇ ವಿಷಯ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ಏರಿ ಹಿಮ ಬಿರುಕು ಬಿಟ್ಟಾಗ ಮೊದಲು ದಂಡೆಯ ಗುಂಟ ಸೀರೆಯ ಅಂಚಿನಷ್ಟು ನೀರು ತೆರೆದುಕೊಳ್ಳುತ್ತದೆ. ದಕ್ಷಿಣದಿಂದ ಬಂದ ಹಕ್ಕಿಗಳು ಆ ಪಟ್ಟಿಯಲ್ಲೇ ಒತ್ತೊತ್ತಾಗಿ ಇಳಿಯುತ್ತವೆ. ಯುರೋಪು, ಅಮೆರಿಕದ ಹಕ್ಕಿಗಾರರು ಇದೇ ನೋಟಕ್ಕಾಗಿ ವಸಂತದಲ್ಲಿ ಕೆರೆಗಳ ಬಳಿ ಕಾಯುತ್ತಾರೆ: ಹಿಮ ಪೂರಾ ಕರಗಿದರೆ ಹಕ್ಕಿಗಳು ಚದುರಿಹೋಗುತ್ತವೆ, ಅಷ್ಟರೊಳಗೆ ನೋಡಿಬಿಡಬೇಕು.

ಕಲಬುರಗಿ ಸೀಮೆಯಲ್ಲಿ ಹಿಮ ಕರಗುವ ಮಾತೇ ಇಲ್ಲ. ಬಿಸಿಲಿಗೆ ಡಾಂಬರು ಕರಗುವ ನಾಡು ಇದು. ಇಲ್ಲಿ ನಡೆಯುವುದು ಅದರ ತಿರುವುಮುರುವು. ಅಲ್ಲಿ ನೀರು ದಂಡೆಯಿಂದ ಒಳಗೆ ತೆರೆದುಕೊಂಡರೆ, ಇಲ್ಲಿ ದಂಡೆಯಿಂದ ಒಳಗೆ ಮುಚ್ಚಿಕೊಳ್ಳುತ್ತದೆ. ಹಿಂಗಾರಿ ಬೆಳೆಗೆ ನೀರು ಹರಿದು, ಶಿವರಾತ್ರಿ ಬಿಸಿಲು ಸೇರಿ, ಕೆರೆಯ ಅಂಚು ದಿನಕ್ಕಿಷ್ಟು ಹಿಂದೆ ಸರಿಯುತ್ತದೆ. ಕಾರ್ತಿಕದಲ್ಲಿ ಆಳೆತ್ತರ ನೀರಿದ್ದ ಜಾಗ ಮಾಘದಲ್ಲಿ ಮೊಣಕಾಲುದ್ದ, ಫಾಲ್ಗುಣದಲ್ಲಿ ಬರೀ ರಾಡಿ. ಅಷ್ಟೂ ಹಕ್ಕಿಗಳು ಉಳಿದ ನೀರಿಗೆ ಬಂದು ಸೇರುತ್ತವೆ. ಹೀಗಾಗಿ ನಮ್ಮಲ್ಲೂ ಬಾತು ನೋಡಲು ಒಳ್ಳೆಯ ಕಾಲ ಅವು ಹೊರಡುವ ಮುಂಚಿನ ವಾರಗಳೇ, ಅಂದರೆ ಜನವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ. ಡಿಸೆಂಬರಿನ ರಜೆಯಲ್ಲಿ ಒಮ್ಮೆ ಹೋಗಿ, ದೂರದಲ್ಲಿ ಕಪ್ಪು ಚುಕ್ಕೆ ನೋಡಿ ವಾಪಸಾದವರು ಸುಮ್ಮನೆ ಅವಸರ ಮಾಡಿದವರು.

ಎಲ್ಲಿಗೆ ಹೋಗಬೇಕು? ಕಾಗಿಣಾ ನದಿ ತೆಲಂಗಾಣದ ಕಡೆಯಿಂದ ಬಂದು ಸೇಡಂ, ಮಳಖೇಡ, ಚಿತ್ತಾಪುರ ಸೀಮೆ ದಾಟಿ ಭೀಮೆಗೆ ಕೂಡುತ್ತದೆ. ಮುಲ್ಲಾಮಾರಿ, ಬೆಣ್ಣೆತೊರೆ ಅದರ ಉಪನದಿಗಳು. ಇವುಗಳ, ಇವಕ್ಕೆ ಸೇರುವ ತೊರೆಗಳ ಮೇಲಿನ ಜಲಾಶಯಗಳೇ ಈ ಭಾಗದ ದೊಡ್ಡ ನೀರು: ಹೇರೂರಿನ ಬೆಣ್ಣೆತೊರೆ, ನಾಗರಾಳದ ಕೆಳದಂಡೆ ಮುಲ್ಲಾಮಾರಿ, ಚಿಂಚೋಳಿ ಕಾಡಿನ ನಡುವಿನ ಚಂದ್ರಂಪಳ್ಳಿ. ಚಂದ್ರಂಪಳ್ಳಿಯ ಸುತ್ತಲಿನ ಕಾಡು 2011ರಿಂದ ವನ್ಯಜೀವಿಧಾಮ. ಕಣ್ಣಿಗೆ ಹಬ್ಬ ಬೇಕೆಂದರೆ ಅಲ್ಲಿಗೇ ಹೋಗಬೇಕು, ನೀರಿನ ಹಿಂದೆ ಗುಡ್ಡ, ಗುಡ್ಡದ ತುಂಬ ಎಲೆ ಉದುರಿಸುವ ಕಾಡು. ಆದರೆ ಹೊಸಬರಿಗೆ ದೊಡ್ಡ ಜಲಾಶಯಕ್ಕಿಂತ ಹಳ್ಳಿಯ ಸಣ್ಣ ಕೆರೆಯೇ ಮೇಲು. ದಂಡೆ ಹತ್ತಿರ, ಹಕ್ಕಿ ಹತ್ತಿರ, ಎಮ್ಮೆಗಳ ಓಡಾಟಕ್ಕೆ ಒಗ್ಗಿಹೋದ ಬಾತುಗಳು ಮನುಷ್ಯರನ್ನೂ ತುಸು ಸಹಿಸುತ್ತವೆ.

ಶಹಾಬಾದ್, ವಾಡಿ ಕಡೆ ಇನ್ನೊಂದು ಬಗೆಯ ನೀರಿದೆ. ಕರ್ನಾಟಕದ ಅದೆಷ್ಟೋ ಮನೆಗಳ ನೆಲಕ್ಕೆ ಹಾಸಿದ ಶಹಾಬಾದಿ ಪರ್ಸಿಯನ್ನು ತೆಗೆದ ಖಣಿಗಳು ಮಳೆನೀರು ತುಂಬಿ ಸಣ್ಣ ಕೊಳಗಳಾಗಿವೆ. ನೀರು ನೀಲಿ, ತಿಳಿ, ನೋಡಲು ಚೆಂದ. ಬಾತುಗಳಿಗೆ ಮಾತ್ರ ಅಷ್ಟಕ್ಕಷ್ಟೆ. ಕಲ್ಲನ್ನು ನೇರವಾಗಿ ಕೊರೆದ ಗೋಡೆಗಳಿಂದಾಗಿ ಅಲ್ಲಿ ಅಂಚೆಂಬುದೇ ಇಲ್ಲ. ಒಂದೋ ದಂಡೆ, ಇಲ್ಲವೇ ಆಳ. ಗುಳುಮುಳುಕ, ನೀರುಕಾಗೆಗಳಂಥ ಮುಳುಗು ಹಾಕುವ ಹಕ್ಕಿಗಳಿಗೆ ಅದು ಸಾಕು. ಕೆಸರು ಕೆದಕುವ ಬಾತಿಗೆ ಬೇಕಾದದ್ದು ಇಳಿಜಾರಾದ, ರಾಡಿಯಾದ, ಎಮ್ಮೆ ಮಲಗುವಂಥ ಅಂಚು. ನಮಗೆ ಹೊಲಸು ಕಂಡದ್ದೇ ಅವಕ್ಕೆ ಅಡುಗೆಮನೆ.

ಈಗ ಗುರುತು ಹಿಡಿಯುವ ಮಾತು. ಹೊಸಬರು ಮಾಡುವ ಮೊದಲ ತಪ್ಪು ಬಣ್ಣ ನೋಡುವುದು. ದೂರದಿಂದ, ಎದುರುಬಿಸಿಲಿನಲ್ಲಿ ಎಲ್ಲ ಬಾತೂ ಕರಿಯ. ಬಣ್ಣಕ್ಕೆ ಮುಂಚೆ ನೋಡಬೇಕಾದದ್ದು ಹಕ್ಕಿ ನೀರಿನ ಮೇಲೆ ಹೇಗೆ ಕೂತಿದೆ, ಹೇಗೆ ಉಣ್ಣುತ್ತಿದೆ, ಹೇಗೆ ಏಳುತ್ತದೆ ಎಂಬುದನ್ನು. ಬಾಲ ನೀರಿನಿಂದ ಮೇಲಿದ್ದು, ದೋಣಿಯಂತೆ ಹಗುರಾಗಿ ತೇಲುತ್ತ, ತಲೆ ಮಾತ್ರ ಅದ್ದಿ ಉಣ್ಣುವುದಾದರೆ ಅದು ಮೇಲ್ನೀರಿನ ಬಾತು. ಹೆದರಿಸಿದರೆ ಇದ್ದಲ್ಲಿಂದಲೇ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ. ಬಾಲ ನೀರಿಗೆ ತಾಗಿ, ಮೈ ಅರ್ಧ ಮುಳುಗಿದಂತಿದ್ದು, ನೋಡನೋಡುತ್ತಲೇ ಗುಳುಕ್ಕನೆ ಮಾಯವಾದರೆ ಅದು ಮುಳುಗುಬಾತು. ಅದಕ್ಕೆ ಹಾರಲು ಓಟ ಬೇಕು, ನೀರಿನ ಮೇಲೆ ಪಟಪಟ ಕಾಲು ಬಡಿಯುತ್ತ ಹತ್ತಾರು ಅಡಿ ಓಡಿಯೇ ಏಳುತ್ತದೆ. ಮೇಲ್ನೀರಿನವೇ ನಮ್ಮಲ್ಲಿ ಹೆಚ್ಚು. ಕೆಂದಲೆ ಬಾತಿನಂಥ ಮುಳುಗುಬಾತುಗಳು ಆಳವಿರುವ ಜಲಾಶಯಗಳಲ್ಲಿ ಸಿಗುತ್ತವೆ: ಗಂಡಿಗೆ ಇಟ್ಟಿಗೆ ಕೆಂಪಿನ ತಲೆ, ಕಪ್ಪು ಎದೆ, ಬೂದಿ ಬೆನ್ನು.

ಇದಕ್ಕೂ ಮೊದಲು ಬಾತೇ ಅಲ್ಲದವನ್ನು ಪಕ್ಕಕ್ಕಿಡಬೇಕು. ನೀರಿನ ನಡುವೆ ನೂರಾರು ಸಂಖ್ಯೆಯಲ್ಲಿ ತೇಲುವ ಕಪ್ಪು ಹಕ್ಕಿಗಳನ್ನು ಕಂಡು ‘ಏನು ಬಾತುಗಳಪ್ಪಾ’ ಎಂದು ಹಿಗ್ಗುವವರು ಬಹಳ. ಹಣೆ ನೋಡಿ. ಕೊಕ್ಕಿನಿಂದ ಹಣೆಗೆ ಬಿಳಿ ನಾಮ ಎಳೆದಿದ್ದರೆ ಅದು ನಾಮದ ಕೋಳಿ. ಕೊಕ್ಕೂ ಕೋಳಿಯದೇ, ಬಾತಿನ ಹಾಗೆ ಚಪ್ಪಟೆಯಲ್ಲ. ಕಾಲ್ಬೆರಳಿಗೆ ಪೂರಾ ಜಾಲಪೊರೆಯೂ ಇಲ್ಲ, ಬೆರಳಿಗೆ ಬೆರಳು ಪ್ರತ್ಯೇಕ ಎಲೆಯಂಥ ಅಂಚು. ಜಗಳಗಂಟಿ ಬೇರೆ: ಎರಡು ಎದುರುಬದುರಾದರೆ ನೀರಿನ ಮೇಲೆ ಬೆನ್ನು ಒರಗಿಸಿ ಕಾಲಿನಿಂದ ಒದ್ದಾಡುತ್ತವೆ. ಬೊಗಸೆಯಷ್ಟೇ ಇರುವ, ಬಾಲವೇ ಇಲ್ಲದಂತೆ ಕಾಣುವ ಗುಳುಮುಳುಕವೂ ಬಾತಲ್ಲ.

ಇಲ್ಲಿಯೇ ಹುಟ್ಟಿ ಇಲ್ಲಿಯೇ ಇರುವ ಬಾತುಗಳೂ ಉಂಟು, ಅವುಗಳಿಗೆ ವೀಸಾದ ಗೊಡವೆಯಿಲ್ಲ. ವರಟೆ ದೊಡ್ಡದು, ಕಪ್ಪು ಕೊಕ್ಕಿನ ತುದಿಗೆ ಅರಿಶಿನದಲ್ಲಿ ಅದ್ದಿದಂಥ ಹಳದಿ, ಕೊಕ್ಕಿನ ಬುಡದಲ್ಲಿ ಎರಡು ಕೆಂಪು ಚುಕ್ಕೆ. ಸಿಳ್ಳೆಬಾತು ಕಂದು ಬಣ್ಣದ್ದು, ಹಾರುವಾಗ ಎರಡು ಸ್ವರದಲ್ಲಿ ಸಿಳ್ಳೆ ಹಾಕುತ್ತದೆ; ಕಣ್ಣು ಮುಚ್ಚಿಯೂ ಗುರುತು ಹಿಡಿಯಬಹುದು. ಈ ಎರಡನ್ನು ಚೆನ್ನಾಗಿ ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಇವಲ್ಲದ್ದು ಯಾವುದು ಎಂದು ಕೇಳುತ್ತ ಹೋಗಬಹುದು.

ಬಂದವರಲ್ಲಿ ಸುಲಭವಾದದ್ದು ಸೂಜಿಬಾಲದ ಬಾತು. ಗಂಡಿನ ತಲೆ ಚಾಕೊಲೇಟು ಬಣ್ಣ, ಎದೆಯ ಬಿಳುಪು ಕತ್ತಿನ ಎರಡೂ ಬದಿಗೆ ಸಣ್ಣ ಗೆರೆಯಾಗಿ ಮೇಲೇರಿರುತ್ತದೆ, ಬಾಲದ ನಡುವಿನ ಗರಿಗಳು ದಬ್ಬಣದಂತೆ ಚೂಪು. ಕತ್ತು ಉದ್ದ. ಆ ಉದ್ದಕ್ಕೆ ಅರ್ಥವಿದೆ: ಬಾಲ ಮೇಲೆ ಮಾಡಿ ತಲೆಕೆಳಗಾದಾಗ ಉಳಿದ ಮೇಲ್ನೀರಿನ ಬಾತುಗಳಿಗೆ ಎಟುಕದ ಕೆಸರು ಇದಕ್ಕೆ ಎಟುಕುತ್ತದೆ. ಒಂದೇ ಕೆರೆಯಲ್ಲಿ ಐದಾರು ಜಾತಿಗಳು ಜಗಳವಿಲ್ಲದೆ ಉಣ್ಣುವುದು ಹೀಗೆ, ಒಬ್ಬೊಬ್ಬರ ಕೈಯಳತೆ ಒಂದೊಂದು ಎಂಬುದರಿಂದ. ದಂಡೆಯ ತೀರಾ ತೆಳುನೀರಿನಲ್ಲಿ ಗಿಡ್ಡ ಕತ್ತಿನ ಕಾಮನ್ ಟೀಲ್ ಇರುತ್ತದೆ. ಬಂದವರಲ್ಲಿ ಅದೇ ಕುಳ್ಳ. ಗಂಡಿಗೆ ಕಂದು ತಲೆ, ಕಣ್ಣಿನ ಮೇಲೆ ಹಸಿರು ಪಟ್ಟಿ, ಬಾಲದಡಿ ಹಳದಿ ಮಚ್ಚೆ.

ಹತ್ತಿರದಿಂದ ನೋಡಲೇಬೇಕಾದದ್ದು ಸಲಿಕೆಕೊಕ್ಕಿನ ಬಾತು, ಇಂಗ್ಲಿಷಿನವರ ಶೋವೆಲರ್. ಕೊಕ್ಕು ತಲೆಗಿಂತ ಉದ್ದ, ತುದಿಯಲ್ಲಿ ಅಗಲ, ಅನ್ನ ಬಡಿಸುವ ಹುಟ್ಟಿನ ಹಾಗೆ. ಈ ಕೊಕ್ಕಿನ ಭಾರಕ್ಕೋ ಏನೋ, ಸದಾ ತಲೆ ತಗ್ಗಿಸಿಯೇ ಈಜುತ್ತದೆ. ಕೊಕ್ಕಿನ ಒಳ ಅಂಚಿಗೆ ಬಾಚಣಿಗೆಯ ಹಲ್ಲಿನಂಥ ನೂರಕ್ಕೂ ಹೆಚ್ಚು ಎಳೆಗಳಿವೆ. ಬಾಯಿ ತೆರೆದು ನೀರು ಒಳಗೆಳೆದು, ಬದಿಯಿಂದ ಹೊರಕ್ಕೆ ಚೆಲ್ಲಿದರೆ ನೀರು ಸೋಸಿ ಹುಳಹುಪ್ಪಟೆ, ಬೀಜ ಒಳಗೆ ಉಳಿಯುತ್ತದೆ. ನಮ್ಮ ಹೆಂಗಸರು ಜರಡಿ ಹಿಡಿಯುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಕೆಲವೊಮ್ಮೆ ಎಂಟು ಹತ್ತು ಬಾತುಗಳು ಒಂದರ ಹಿಂದೆ ಒಂದು ಸುತ್ತು ಸುತ್ತು ಈಜತೊಡಗುತ್ತವೆ, ಗಾಣದ ಎತ್ತಿನ ಹಾಗೆ. ಮುಂದಿನದರ ಕಾಲು ಕಲಕಿದ ನೀರಿನಲ್ಲಿ ಎದ್ದುಬಂದದ್ದನ್ನು ಹಿಂದಿನದು ಸೋಸುತ್ತದೆ. ಸುತ್ತು ಪೂರ್ತಿಯಾದ್ದರಿಂದ ಯಾರೂ ಮುಂದಿಲ್ಲ, ಯಾರೂ ಹಿಂದಿಲ್ಲ. ಹದಿನೈದು ನಿಮಿಷ ಈ ಆಟ ನೋಡಿದವರು ಮರುವಾರ ಮತ್ತೆ ಕೆರೆಗೆ ಬರುತ್ತಾರೆ.

ಇನ್ನೊಂದು ಬಿಳಿಹುಬ್ಬಿನ ಬಾತು. ಗಂಡಿನ ಕಂದು ಮುಖದ ಮೇಲೆ ಕಣ್ಣಿನಿಂದ ಕತ್ತಿನವರೆಗೆ ಬಾಗಿದ ದಪ್ಪ ಬಿಳಿ ಹುಬ್ಬು, ವೇಷ ಕಟ್ಟಿದಂತೆ ಎದ್ದು ಕಾಣುತ್ತದೆ. ಎಲ್ಲರಿಗಿಂತ ಮೊದಲು ಬರುವುದು, ಎಲ್ಲರಿಗಿಂತ ತಡವಾಗಿ ಹೋಗುವುದು ಇದರ ರೂಢಿ.

ಇಷ್ಟೆಲ್ಲ ಓದಿಕೊಂಡು ಅಕ್ಟೋಬರಿನಲ್ಲಿ ಕೆರೆಗೆ ಹೋದರೆ ಒಂದು ಚಾಕೊಲೇಟು ತಲೆಯೂ, ಒಂದು ಬಿಳಿ ಹುಬ್ಬೂ ಕಾಣದೆ ಪುಸ್ತಕವನ್ನೇ ಬೈಯಬೇಕೆನಿಸುತ್ತದೆ. ಕಾರಣವಿದೆ. ಸಂತಾನದ ಕೆಲಸ ಮುಗಿದ ಮೇಲೆ ಗಂಡುಬಾತುಗಳು ಬಣ್ಣದ ಗರಿಗಳನ್ನು ಉದುರಿಸಿ ಹೆಣ್ಣಿನಂತೆ ಮಣ್ಣುಬಣ್ಣದ ಗರಿ ತೊಡುತ್ತವೆ. ಅದೇ ಸುಮಾರಿಗೆ ರೆಕ್ಕೆಯ ದೊಡ್ಡ ಗರಿಗಳೂ ಒಟ್ಟಿಗೇ ಉದುರಿ ಮೂರು ನಾಲ್ಕು ವಾರ ಹಾರಲಿಕ್ಕೇ ಆಗುವುದಿಲ್ಲ. ಹಾರಲಾಗದ ಹೊತ್ತಿನಲ್ಲಿ ಥಳುಕು ತೋರಿಸಿದರೆ ನರಿಗೆ ಔತಣ. ರೆಕ್ಕೆ ಬಲಿತ ಕೂಡಲೇ ಅದೇ ಮಾಸಿದ ವೇಷದಲ್ಲಿ ದಕ್ಷಿಣಕ್ಕೆ ಹೊರಡುತ್ತವೆ. ನಮ್ಮ ಕೆರೆಗಳಲ್ಲಿ ಕೂತು, ಡಿಸೆಂಬರ್–ಜನವರಿಯ ಹೊತ್ತಿಗೆ ಮದುವೆಯ ಬಟ್ಟೆ ಹಾಕಿಕೊಳ್ಳುತ್ತವೆ. ಹೆಣ್ಣುಗಳದ್ದು ವರ್ಷವಿಡೀ ಮಣ್ಣುಬಣ್ಣವೇ. ಅವುಗಳ ಗುರುತಿಗೆ ಬಣ್ಣ ಮರೆತು ಕೊಕ್ಕಿನ ಆಕಾರ, ಕತ್ತಿನ ಉದ್ದ, ಮತ್ತು ಪಕ್ಕದಲ್ಲಿ ಬಿಡದೆ ಈಜುವ ಗಂಡು ಯಾವುದು ಎಂಬುದನ್ನು ನೋಡಬೇಕು. ಫೆಬ್ರವರಿಯ ಹೊತ್ತಿಗೆ ಬಹುಪಾಲು ಜೋಡಿಗಳು ಇಲ್ಲಿಯೇ ಗಟ್ಟಿಯಾಗಿರುತ್ತವೆ. ಸಂಬಂಧ ಕುದುರುವುದು ಕಲಬುರಗಿಯಲ್ಲಿ, ಸಂಸಾರ ಸೈಬೀರಿಯಾದಲ್ಲಿ!

ಜೋಡಿಯ ಮಾತು ಬಂದಾಗ ಮಳಖೇಡವನ್ನು ಬಿಟ್ಟು ಹೋಗಲಾಗದು. ಕಾಗಿಣಾ ದಂಡೆಯ ಈ ಊರೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ರಾಜಧಾನಿ, ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನ. ಮುಂದೆ ಮೂರನೆಯ ಕೃಷ್ಣನ ಕಾಲದಲ್ಲಿ ಪೊನ್ನ ಉಭಯಕವಿ ಚಕ್ರವರ್ತಿ ಎನಿಸಿಕೊಂಡದ್ದೂ ಇದೇ ಅರಸರಿಂದ. ಹಳಗನ್ನಡ ಕಾವ್ಯ ಓದಿದವರಿಗೆ ಜಕ್ಕವಕ್ಕಿ ಗೊತ್ತು: ಹಗಲೆಲ್ಲ ಜೊತೆಗಿದ್ದು, ಇರುಳಾದರೆ ಅಗಲಿ, ಒಂದು ಆ ದಡದಲ್ಲಿ, ಒಂದು ಈ ದಡದಲ್ಲಿ ಕೂತು ಕೂಗಿಕೊಳ್ಳುವ ವಿರಹಿ ಹಕ್ಕಿ. ಸಂಸ್ಕೃತದ ಚಕ್ರವಾಕವೇ ಕನ್ನಡದ ಜಕ್ಕವಕ್ಕಿ. ಕಾವ್ಯದಲ್ಲಷ್ಟೇ ಇರುವ ಹಕ್ಕಿ ಎಂದು ಎಷ್ಟೋ ಜನ ತಿಳಿದಿದ್ದಾರೆ. ಇಲ್ಲ, ಅದು ನಿಜದ ಬಾತು. ಇಂಗ್ಲಿಷಿನಲ್ಲಿ ರಡ್ಡಿ ಶೆಲ್‌ಡಕ್, ಬ್ರಾಹ್ಮಿಣಿ ಬಾತು ಎಂದೂ ಹೆಸರು. ಮೈಯೆಲ್ಲ ಕಾವಿ, ತಲೆ ಮಾತ್ರ ತಿಳಿ ಕೆನೆಬಣ್ಣ, ಹಾರಿದಾಗ ರೆಕ್ಕೆಯ ಮೇಲೆ ದೊಡ್ಡ ಬಿಳಿ ಹರಹು. ಲಡಾಖ್, ಟಿಬೆಟ್ ಕಡೆ ಮರಿ ಮಾಡಿ ಚಳಿಗಾಲಕ್ಕೆ ದಖ್ಖನಿನ ನದಿ, ಜಲಾಶಯಗಳಿಗೆ ಬರುತ್ತದೆ. ಗುಂಪಿಗಿಂತ ಜೋಡಿಯಾಗಿ, ನೀರಿಗಿಂತ ಮರಳದಂಡೆಯಲ್ಲಿ ನಿಂತಿರುವುದೇ ಹೆಚ್ಚು. ದೂರದವರೆಗೆ ಕೇಳುವ ಮೂಗುದನಿಯ ‘ಆಂಗ್ ಆಂಗ್’ ಕೂಗು. ರಾತ್ರಿ ಮೇಯುತ್ತ ಚದುರಿದ ಜೋಡಿ ಒಂದನ್ನೊಂದು ಕರೆದುಕೊಳ್ಳುವುದನ್ನು ಕೇಳಿಯೇ ಕವಿಗಳು ವಿರಹದ ಕತೆ ಕಟ್ಟಿರಬೇಕು. ಅವರು ಹಕ್ಕಿ ನೋಡಿದ್ದರು ಎಂಬುದಕ್ಕಂತೂ ಅನುಮಾನವಿಲ್ಲ.

ಹಂಸದ ಕತೆಯೂ ಇಂಥದೇ. ಹಂಸ ಎಂದೊಡನೆ ಕ್ಯಾಲೆಂಡರಿನ ಸರಸ್ವತಿಯ ಪಕ್ಕದ ಬಿಳಿ ಹಕ್ಕಿ ನೆನಪಾಗುತ್ತದೆ. ಆ ಉದ್ದ ಕತ್ತಿನ ಬಿಳಿ ಸ್ವಾನ್ ಭಾರತಕ್ಕೆ ಬರುವುದೇ ಅಪರೂಪ. ಮಳೆಗಾಲದ ಆರಂಭಕ್ಕೆ ಮಾನಸಸರೋವರಕ್ಕೆ ಹೋಗುವ, ಹಿಮಾಲಯದ ಕಣಿವೆ ದಾಟುವ ಹಕ್ಕಿ ಎಂದು ನಮ್ಮ ಕವಿಗಳು ವರ್ಣಿಸಿದ್ದು ಹೆಬ್ಬಾತನ್ನು, ಅದರಲ್ಲೂ ಪಟ್ಟೆತಲೆ ಹೆಬ್ಬಾತನ್ನು ಎಂದು ಬಗೆದ ವಿದ್ವಾಂಸರಿದ್ದಾರೆ. ಡಚ್ ವಿದ್ವಾಂಸ ಫೋಗೆಲ್ ಭಾರತದ ಸಾಹಿತ್ಯ, ಶಿಲ್ಪಗಳಲ್ಲಿನ ಹೆಬ್ಬಾತಿನ ಬಗ್ಗೆಯೇ ಬರೆದ ಒಂದು ಪುಸ್ತಕ 1962ರಲ್ಲಿ ಪ್ರಕಟವಾಯಿತು. ಬೇಲೂರು, ಹಳೇಬೀಡಿನ ಗೋಡೆಗಳ ಹಂಸಸಾಲನ್ನು ಇನ್ನೊಮ್ಮೆ ನೋಡಿದರೆ ಗಿಡ್ಡ ಕಾಲು, ದಪ್ಪ ಮೈ, ಬಾತಿನ ನಡಿಗೆ ಸ್ಪಷ್ಟ.

ಪಟ್ಟೆತಲೆಯನ್ನು ಗುರುತಿಸಲು ಪುಸ್ತಕ ಬೇಡ. ಬೂದುಬಿಳಿ ಮೈ, ಹಳದಿ ಕೊಕ್ಕು, ಕಿತ್ತಳೆ ಕಾಲು, ಬಿಳಿ ತಲೆಯ ಹಿಂಭಾಗದಲ್ಲಿ ಒಂದರ ಕೆಳಗೊಂದು ಎರಡು ಕಪ್ಪು ಪಟ್ಟೆ. ಎರಡು ಮೂರು ಕಿಲೋ ತೂಕ. ಖಾತ್ರಿಯಾಗಿ, ದೊಡ್ಡ ಹಿಂಡಿನಲ್ಲಿ ನೋಡಬೇಕೆಂದರೆ ಸುರಪುರ ತಾಲ್ಲೂಕಿನ ಬೋನಾಳ ಪಕ್ಷಿಧಾಮಕ್ಕೋ, ಗದಗ ಜಿಲ್ಲೆ ಶಿರಹಟ್ಟಿ ಬಳಿಯ ಮಾಗಡಿ ಕೆರೆಗೋ ಹೋಗಬೇಕು. ಮಾಗಡಿ ಕೆರೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಹೆಬ್ಬಾತುಗಳಿಗೆ ಹಗಲು ಕೆರೆಯಲ್ಲಿ ವಿಶ್ರಾಂತಿ, ಸಂಜೆಯಾದರೆ ಸುತ್ತಲಿನ ಹೊಲಗಳಲ್ಲಿ ಮೇವು. ಕಡಲೆ ಹೊಲಕ್ಕೆ ಇಳಿದರೆ ರೈತನಿಗೆ ಸಂಕಟವೇ; ಹಕ್ಕಿಪ್ರೇಮಿಗಳು ಆ ಲೆಕ್ಕವನ್ನೂ ಬಾಯಿಬಿಟ್ಟು ಹೇಳಬೇಕು.

ಈ ಹೆಬ್ಬಾತುಗಳು ಎವರೆಸ್ಟ್ ಶಿಖರದ ಮೇಲೆ ಹಾರುತ್ತವೆ ಎಂದು ಪಠ್ಯಪುಸ್ತಕಗಳಿಂದ ವಾಟ್ಸಾಪಿನವರೆಗೆ ಎಲ್ಲೆಡೆ ಸಿಗುತ್ತದೆ. ಉಪಗ್ರಹದ ಯಂತ್ರ ಕಟ್ಟಿ ನೋಡಿದಾಗ ತಿಳಿದದ್ದು ಅದಕ್ಕಿಂತ ಸ್ವಾರಸ್ಯ. 2011ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಹಿಮಾಲಯದ ಏರನ್ನು ಅವು ಎಂಟೇ ಗಂಟೆಯಲ್ಲಿ ಮುಗಿಸಬಲ್ಲವು, ಅದೂ ಬೆನ್ನಗಾಳಿಗೆ ಕಾಯದೆ, ಗಾಳಿ ತಣ್ಣಗಿದ್ದು ದಟ್ಟವಾಗಿರುವ ರಾತ್ರಿ ಮತ್ತು ಬೆಳಗಿನ ಜಾವದಲ್ಲಿ. 2015ರಲ್ಲಿ ಮಂಗೋಲಿಯಾದ ಹಕ್ಕಿಗಳ ಮೇಲೆ ನಡೆದ ಇನ್ನೊಂದು ಅಧ್ಯಯನ ಪ್ರಕಟವಾಯಿತು. ಹಕ್ಕಿ ಒಂದೇ ಸಮನೆ ಮೇಲೇರಿ ಅಲ್ಲೇ ಹಾರುವುದಿಲ್ಲ. ನೆಲದ ಏರಿಳಿತವನ್ನೇ ಅನುಸರಿಸಿ, ಗುಡ್ಡ ಬಂದರೆ ಏರಿ, ಕಣಿವೆ ಬಂದರೆ ಇಳಿದು, ಮತ್ತೆ ಏರುತ್ತದೆ. ಗಳಿಸಿದ ಎತ್ತರವನ್ನು ಬಿಟ್ಟುಕೊಡುವುದು ನಷ್ಟದಂತೆ ಕಾಣುತ್ತದೆ. ಆದರೆ ತೆಳುಗಾಳಿಯಲ್ಲಿ ರೆಕ್ಕೆ ಬಡಿಯುವ ಖರ್ಚು ಅದಕ್ಕಿಂತ ದುಬಾರಿ. 2013ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ದಾಖಲಾದ ಅತಿ ಹೆಚ್ಚಿನ ಎತ್ತರ 7,290 ಮೀಟರ್. ಎವರೆಸ್ಟಿಗಿಂತ ಒಂದೂವರೆ ಕಿಲೋಮೀಟರ್ ಕಡಿಮೆ, ಆದರೂ ಮನುಷ್ಯ ಓಡಲಾರದ ಎತ್ತರ. ಅಲ್ಲಿ ಉಸಿರು ನಿಲ್ಲದಿರಲು ಕಾರಣ ಇವುಗಳ ರಕ್ತ: ಉಳಿದ ಹೆಬ್ಬಾತುಗಳದ್ದಕ್ಕಿಂತ ಬಿಗಿಯಾಗಿ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವ ಹಿಮೋಗ್ಲೋಬಿನ್.

ಬಾತುಗಳು ಎಲ್ಲಿಂದ ಬರುತ್ತವೆ ಎಂಬುದು ಹೀಗೆ ಯಂತ್ರಕ್ಕೆ ಸಿಗುವ ಮುಂಚೆ ಉಂಗುರಕ್ಕೆ ಸಿಕ್ಕಿತ್ತು. ಕಲಬುರಗಿ ಸೀಮೆ ನಿಜಾಮನ ಆಳ್ವಿಕೆಯಲ್ಲಿದ್ದಾಗ, 1931–32ರಲ್ಲಿ, ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದವರು ಸಲೀಂ ಅಲಿ. ಅದೇ ಸಲೀಂ ಅಲಿ ಮುಂದೆ 1960ರ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪರವಾಗಿ ಭರತಪುರ ಮೊದಲಾದ ಕಡೆ ಸಾವಿರಾರು ಹಕ್ಕಿಗಳ ಕಾಲಿಗೆ ನಂಬರಿನ ಉಂಗುರ ತೊಡಿಸಿದ ಯೋಜನೆ ನಡೆಸಿದರು. ಆ ಉಂಗುರಗಳಲ್ಲಿ ಕೆಲವು ಸೈಬೀರಿಯಾದಿಂದ ಪತ್ತೆಯಾದಾಗ ದಾರಿ ಕಾಗದದ ಮೇಲೆ ಮೂಡಿತು. ಈಗ ಮಂಗೋಲಿಯಾದಲ್ಲಿ ಬಣ್ಣದ ಕೊರಳಪಟ್ಟಿ ತೊಡಿಸಿದ ಪಟ್ಟೆತಲೆಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಪಟ್ಟಿಯ ಮೇಲಿನ ಅಕ್ಷರ ಮತ್ತು ಅಂಕಿ ದುರ್ಬೀನಿನಲ್ಲಿ ಓದಿದರೆ ಹಕ್ಕಿಯ ವಿಳಾಸ ಸಿಕ್ಕಂತೆ. ಈ ಇಡೀ ದಾರಿಗೆ ಮಧ್ಯ ಏಷ್ಯಾ ವಲಸೆಮಾರ್ಗ ಎಂದು ಹೆಸರು. ಸೈಬೀರಿಯಾದ ಉತ್ತರ ತುದಿಯಿಂದ ಹಿಂದೂ ಮಹಾಸಾಗರದವರೆಗೆ 30 ದೇಶಗಳನ್ನು ಅದು ಹೊಲಿದಿಟ್ಟಿದೆ.

ಹೊರಡುವ ದಿನ ಬಾತಿಗೆ ಹೇಗೆ ಗೊತ್ತಾಗುತ್ತದೆ? ಮಳಖೇಡದ ಕೆರೆಯಲ್ಲಿ ಕೂತ ಹಕ್ಕಿಗೆ ಮಂಗೋಲಿಯಾದ ಹಿಮ ಕಾಣುವುದಿಲ್ಲ. ಹಗಲು ಉದ್ದವಾಗುತ್ತಿರುವುದು ಕಾಣುತ್ತದೆ. ಸಂಕ್ರಾಂತಿ ದಾಟಿ ಬೆಳಕಿನ ಹೊತ್ತು ಹೆಚ್ಚುತ್ತಿದ್ದಂತೆ ಮೈಯೊಳಗಿನ ರಸಗಳು ಬದಲಾಗುತ್ತವೆ, ಹಸಿವು ಹೆಚ್ಚುತ್ತದೆ, ಚರ್ಮದಡಿ ಕೊಬ್ಬು ಸೇರುತ್ತದೆ. ಆ ಕೊಬ್ಬೇ ದಾರಿಯ ಬುತ್ತಿ. ಫೆಬ್ರವರಿಯ ಸಂಜೆಗಳಲ್ಲಿ ಹಿಂಡು ಕಾರಣವಿಲ್ಲದೆ ಎದ್ದು, ಕೆರೆಗೆ ಎರಡು ಸುತ್ತು ಹಾಕಿ, ಮತ್ತೆ ಇಳಿಯುವುದನ್ನು ನೋಡಬಹುದು. ಒಂದು ಸಂಜೆ ಇಳಿಯುವುದಿಲ್ಲ. ಹಾಗೆಂದು ನೇರವಾಗಿ ತವರಿಗೂ ಹೋಗುವುದಿಲ್ಲ. ದಾರಿಯಲ್ಲಿ ತಂಗುತ್ತ, ಟಿಬೆಟ್ಟಿನ ಎತ್ತರದಲ್ಲಿ ಕೆರೆಗಳು ತೆರೆದುಕೊಳ್ಳುವುದನ್ನು ಕಾಯುತ್ತ, ಹಿಮದ ಅಂಚಿನ ಜೊತೆಯಲ್ಲೇ ಉತ್ತರಕ್ಕೆ ಸರಿಯುತ್ತವೆ. ಪಟ್ಟೆತಲೆಗಳು ಮೊದಲು, ಸೂಜಿಬಾಲಗಳು ಆಮೇಲೆ. ಹೋಳಿ ಮುಗಿದು ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು ಎಳೆಯುವ ಹೊತ್ತಿಗೆ ಕೆರೆಯಲ್ಲಿ ಗದ್ದಲ ಇಳಿದಿರುತ್ತದೆ. ಬಿಳಿಹುಬ್ಬಿನ ನಾಲ್ಕಾರು ಬಾತುಗಳು ಏಪ್ರಿಲ್‌ನಲ್ಲೂ ಉಳಿದಿದ್ದರೆ ಆಶ್ಚರ್ಯವಿಲ್ಲ.

ಅವು ಕೊಬ್ಬು ಕೂಡಿಸುವ ಅದೇ ವಾರಗಳಲ್ಲಿ ನಮ್ಮ ಕೆರೆಗಳಲ್ಲಿ ಜೆಸಿಬಿ ಇಳಿಯುತ್ತದೆ. ಹೂಳೆತ್ತುವುದು ಬೇಕಾದದ್ದೇ, ಎರೆಭೂಮಿಯ ಕೆರೆ ಹೂಳು ತೆಗೆಯದೆ ಬಾಳುವುದಿಲ್ಲ. ತಪ್ಪಾಗುವುದು ತೆಗೆಯುವ ರೀತಿಯಲ್ಲಿ. ಸುತ್ತಲೂ ನೆಟ್ಟಗೆ ಕಡಿದು, ಡಬ್ಬಿಯ ಆಕಾರ ಮಾಡಿ, ಅಂಚಿಗೆ ಕಲ್ಲು ಕಟ್ಟಿ, ಮೇಲೆ ನಡೆಯುವ ದಾರಿ ಹಾಕಿದರೆ ಕೆರೆ ಅಭಿವೃದ್ಧಿಯಾಯಿತು ಎನ್ನುತ್ತಾರೆ. ಪರ್ಸಿ ಖಣಿಯಲ್ಲಿ ಬಾತು ಯಾಕಿಲ್ಲವೋ ಅದೇ ಕಾರಣಕ್ಕೆ ಅಂಥ ಕೆರೆಯಲ್ಲೂ ಬಾತು ಇರುವುದಿಲ್ಲ. ಒಂದು ಮಗ್ಗುಲನ್ನಾದರೂ ಇಳಿಜಾರಾಗಿ ಬಿಟ್ಟರೆ ದನಕ್ಕೂ ನೀರಿಗಿಳಿಯಲು ದಾರಿ, ಬಾತಿಗೂ ಬಾಯಿಗೆ ಕೆಸರು. ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.

ನೋಡಲು ಹೊರಡುವವರಿಗೆ ಎರಡು ಮಾತು. ಬೆಳಿಗ್ಗೆಯಾದರೆ ಪೂರ್ವದ ದಂಡೆಯಲ್ಲಿ, ಸಂಜೆಯಾದರೆ ಪಶ್ಚಿಮದ ದಂಡೆಯಲ್ಲಿ ಕೂರಬೇಕು, ಬಿಸಿಲು ಬೆನ್ನಿಗಿರಲಿ. ಎಂಟು ಪಟ್ಟು ದೊಡ್ಡದು ಮಾಡುವ ಸಾಧಾರಣ ದುರ್ಬೀನು ಸಾಕು, ತೇಜಸ್ವಿಯವರ ‘ಹಕ್ಕಿ ಪುಕ್ಕ’ದಂಥ ಒಂದು ಪುಸ್ತಕ ಇದ್ದರೆ ಇನ್ನೂ ಒಳ್ಳೆಯದು. ಮೇಯುತ್ತಿದ್ದ ಹಿಂಡು ಒಮ್ಮೆಲೇ ಕತ್ತು ನೆಟ್ಟಗೆ ಮಾಡಿ ಸ್ತಬ್ಧವಾಯಿತೆಂದರೆ ನೀವು ಹತ್ತಿರ ಹೋಗಿಬಿಟ್ಟಿದ್ದೀರಿ ಎಂದರ್ಥ. ಹತ್ತು ಹೆಜ್ಜೆ ಹಿಂದೆ ಬನ್ನಿ. ದಾರಿಯ ಬುತ್ತಿ ಕಟ್ಟುತ್ತಿರುವ ಹಕ್ಕಿಯನ್ನು ಫೋಟೊಕ್ಕಾಗಿ ಎಬ್ಬಿಸುವುದು ಉಣ್ಣುವವರ ಎಲೆ ಎಳೆದಂತೆ.

ಎಣಿಸುವುದೂ ಕಷ್ಟವಲ್ಲ. ಮೊದಲು ಹತ್ತು ಹಕ್ಕಿ ಎಣಿಸಿ, ಅಷ್ಟು ಜಾಗ ಎಷ್ಟೆಂದು ಕಣ್ಣಿಗೆ ತಂದುಕೊಂಡು, ಅಂಥ ಎಷ್ಟು ಹತ್ತುಗಳಿವೆ ಎಂದು ಅಳೆಯುತ್ತ ಹೋಗುವುದು. ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ಹೀಗೆಯೇ ನಡೆಯುತ್ತಿದೆ, ಬಹುಪಾಲು ಸಂಬಳವಿಲ್ಲದ ಜನರಿಂದ. ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿಗಳ ಎಣಿಕೆಯೂ ಇರುತ್ತದೆ. ಮೊಬೈಲಿನ ಇ-ಬರ್ಡ್‌ನಲ್ಲಿ ಪಟ್ಟಿ ಬರೆದು ಕಳಿಸಿದರೆ ಸಾಕು. ಬೆಂಗಳೂರು, ಮೈಸೂರಿನ ಕೆರೆಗಳಿಗೆ ಇಂಥ ಪಟ್ಟಿಗಳು ರಾಶಿ ರಾಶಿ ಇವೆ. ಸೇಡಂ, ಚಿತ್ತಾಪುರದ ಹಳ್ಳಿಗೆರೆಗಳಿಗೆ ಬರೆಯುವವರು ಬೇಕು, ಶಾಲೆಯ ಮೇಷ್ಟ್ರು ನಾಲ್ಕು ಹುಡುಗರನ್ನು ಕರೆದುಕೊಂಡು ಹೋದರೂ ಆಗುತ್ತದೆ. ಅದೂ ಬೇಡವೆಂದರೆ ಒಂದು ಕೆಲಸ ಮಾಡಿ: ನಿಮ್ಮೂರ ಕೆರೆಯಿಂದ ಬಾತುಗಳು ಹೋದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಗುರುತು ಹಾಕಿಡಿ, ಮುಂದಿನ ವರ್ಷವೂ ಹಾಕಿ. ಮಳೆಗಾಲ ಮುಗಿಯುವ ಮೊದಲೇ, ತೊಗರಿ ಇನ್ನೂ ಹೂ ಬಿಡದಿರುವಾಗ, ಬಿಳಿಹುಬ್ಬಿನ ಮೊದಲ ಬಾತು ಮರಳಿ ಬಂದಿರುತ್ತದೆ.